ಆನರ್ಸ್‌ಗೆ ಬೇಕಾದ ಒಂದು ವರ್ಷ

ಮೂವತ್ತಮೂರು ವರ್ಷ ಹೈಸ್ಕೂಲುಗಳಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು ನಾನು. ಮಾಲೂರು, ಮುಳಬಾಗಿಲು, ಕೋಲಾರ ಎಂದು ವರ್ಗವಾದ ಕಡೆಗೆಲ್ಲ ಹೋಗಿ, ಕೊನೆಗೆ ಹುಟ್ಟಿದ ತಾಲ್ಲೂಕಾದ ಶ್ರೀನಿವಾಸಪುರಕ್ಕೇ ಬಂದು ನೆಲೆಸಿದ್ದೇನೆ. ನಿವೃತ್ತ ಮೇಷ್ಟರ ಮನೆಯ ಜಗಲಿ ಎಂದರೆ ಊರ ಮಕ್ಕಳ ಪಾಲಿಗೆ ಅರ್ಧ ಶಾಲೆಯಿದ್ದಂತೆ. ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಬರುವವರು, ಅರ್ಜಿ ತುಂಬಿಸಿಕೊಳ್ಳಲು ಬರುವವರು, ಮುಂದೇನು ಓದಬೇಕೆಂದು ಕೇಳಲು ಬರುವವರು ತಪ್ಪುವುದಿಲ್ಲ.

೨೦೨೪ರ ಬೇಸಗೆಯ ಕೊನೆ. ಮಂಡಿಗಳಲ್ಲಿ ಮಾವಿನಕಾಯಿಯ ಗದ್ದಲ ಏರಿದ್ದ ಕಾಲ. ಒಂದು ಸಂಜೆ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಬಂದು ಜಗಲಿಯ ಮೇಲೆ ಕುಳಿತಳು. ಬಿ.ಎಸ್ಸಿ. ಮೂರನೆಯ ವರ್ಷ ಮುಗಿಸುತ್ತಿದ್ದವಳು. ಗಣಿತದಲ್ಲಿ ಬಹಳ ಚುರುಕು. ತಂದೆ ಮಂಡಿಯಲ್ಲಿ ಹಮಾಲಿ ಮಾಡುವವರು. ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತಿದ್ದು, “ಸಾರ್, ನಾಲ್ಕನೆಯ ವರ್ಷವೂ ಓದಿದರೆ ಆನರ್ಸ್ ಅಂತೆ. ಓದಲೋ, ಇಲ್ಲಿಗೇ ನಿಲ್ಲಿಸಿ ಬಿ.ಎಡ್. ಸೇರಲೋ?” ಎಂದು ಕೇಳಿದಳು.

ನಾನು ಒಡನೆಯೇ ಉತ್ತರ ಹೇಳಲಾರದೆ ಹೋದೆ. ಇದೇ ಪ್ರಶ್ನೆ ಎಂಬತ್ತು ವರ್ಷಗಳ ಹಿಂದೆ, ೧೯೪೪ರಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಎದ್ದಿತ್ತು. ಅಂದು ಬಂದ ಉತ್ತರ ಒಬ್ಬ ಮನುಷ್ಯನ ಇಡೀ ಜೀವಮಾನವನ್ನು ತೀರ್ಮಾನಿಸಿಬಿಟ್ಟಿತು. ಆ ಮನುಷ್ಯ ನಮ್ಮ ತಂದೆಯವರು.

ತಂದೆಯವರು ಬೆಂಗಳೂರಿನಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿ, ಸಣ್ಣ ರೈಲಿನಲ್ಲಿ ಊರಿಗೆ ಬಂದಿದ್ದರು. ಗಣಿತದಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು. ಪಾಠ ಹೇಳಿದ ಮೇಷ್ಟರೊಬ್ಬರು, “ನೀನು ಪಾಸ್ ಕೋರ್ಸಿಗೆ ಸೇರಬೇಡ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಆನರ್ಸ್ ತೆಗೆದುಕೋ” ಎಂದು ಹೇಳಿ ಕಳುಹಿಸಿದ್ದರು. ನಮ್ಮ ತಾತ ಮಳೆಯನ್ನು ನಂಬಿ ರಾಗಿ ಬೆಳೆಯುತ್ತಿದ್ದ ರೈತರು. ಸಹಿ ಹಾಕುವಷ್ಟು ಅಕ್ಷರ ಬಲ್ಲವರು. ಆದರೆ ಲೆಕ್ಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರು ಕೇಳಿದ್ದು ಎರಡೇ ಪ್ರಶ್ನೆ.

“ಎಷ್ಟು ವರ್ಷ?”

“ಪಾಸ್ ಆದರೆ ಎರಡು, ಆನರ್ಸ್ ಆದರೆ ಮೂರು, ಅಪ್ಪಾ.”

“ಆ ಮೂರು ವರ್ಷದ್ದನ್ನ ಎರಡನೇ ವರ್ಷಕ್ಕೆ ನಿಲ್ಲಿಸಿದರೆ ಕೈಗೇನು ಕೊಡ್ತಾರೆ?”

ಈ ಪ್ರಶ್ನೆಗೆ ತಂದೆಯವರ ಬಳಿ ಉತ್ತರವಿರಲಿಲ್ಲ. ಪದವಿ ಸಿಗುವುದು ಮೂರನೆಯ ವರ್ಷದ ಕೊನೆಗೇ. ತಾತ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಎರಡು ವರ್ಷದ್ದೇ ಓದಪ್ಪ. ಕೆರೆ ಯಾವ ವರ್ಷ ತುಂಬುತ್ತೋ ಯಾವ ವರ್ಷ ತುಂಬೋದಿಲ್ಲವೋ” ಎಂದರಂತೆ. ಅಲ್ಲಿಗೆ ಆನರ್ಸಿನ ವಿಚಾರ ಮುಗಿಯಿತು.

ಈ ಸಣ್ಣ ಸಂಗತಿಯನ್ನು ಹಿಡಿದುಕೊಂಡು, ಆನರ್ಸ್ ಎಂಬ ಪದವಿಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕೆಂದು ನನಗೆ ಅನ್ನಿಸಿತು. ಆ ನಿಯಮಗಳನ್ನು ಮಾಡಿದವರು ಎಲ್ಲಿಯವರು? ಅವುಗಳ ಹಿಂದಿದ್ದ ಉದ್ದೇಶವೇನು? ನಮ್ಮ ಕೋಲಾರದ ಕಡೆಯ ಬಡ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಅವು ಏನಾಗಿದ್ದವು?

ಆನರ್ಸ್ ಪರೀಕ್ಷೆಯ ತವರು ಇಂಗ್ಲೆಂಡಿನ ಕೇಂಬ್ರಿಜ್. ಅಲ್ಲಿ ೧೮೨೪ರವರೆಗೆ ಗೌರವ ಪದವಿಯ ಪರೀಕ್ಷೆ ಎಂದರೆ ಗಣಿತದ ಪರೀಕ್ಷೆಯೇ. ಆ ವರ್ಷ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಕ್ಕೂ ಇಂಥದೊಂದು ಪರೀಕ್ಷೆ ಬಂತು. ಆದರೆ ಅದಕ್ಕೆ ಕೂಡಬೇಕಾದವರು ಕೂಡ ಮೊದಲು ಗಣಿತದ ಆನರ್ಸ್ ಮುಗಿಸಬೇಕೆಂಬ ಕಟ್ಟಳೆ ಬಹುಕಾಲ ಉಳಿದಿತ್ತು. ಗಣಿತದ ಪರೀಕ್ಷೆಗೆ ‘ಟ್ರೈಪಾಸ್’ ಎಂದು ಹೆಸರು. ಮೊದಲನೆಯ ದರ್ಜೆಯಲ್ಲಿ ಬಂದವರು ‘ರ‍್ಯಾಂಗ್ಲರ್’ಗಳು, ಅವರಲ್ಲಿ ಎಲ್ಲರಿಗಿಂತ ಮುಂದಿನವನು ‘ಸೀನಿಯರ್ ರ‍್ಯಾಂಗ್ಲರ್’. ೧೮೯೯ರಲ್ಲಿ ಮಹಾರಾಷ್ಟ್ರದ ಆರ್.ಪಿ. ಪರಾಂಜಪೆಯವರು ಆ ಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡಾಗ ಭಾರತಕ್ಕೆ ಭಾರತವೇ ಹಿಗ್ಗಿತು. ಕನ್ನಡಿಗರಲ್ಲಿ ರ‍್ಯಾಂಗ್ಲರ್ ಎನ್ನಿಸಿಕೊಂಡವರು ಬೆಳಗಾವಿ ಜಿಲ್ಲೆಯ ಡಿ.ಸಿ. ಪಾವಟೆಯವರು, ಮುಂದೆ ೧೯೫೪ರಿಂದ ೧೯೬೭ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ನಿಲ್ಲಿಸಿದವರು.

ಈ ಟ್ರೈಪಾಸಿನ ಚರಿತ್ರೆಯಲ್ಲಿ ಒಂದು ಪ್ರಸಂಗವನ್ನು ನಾನು ನನ್ನ ತರಗತಿಯ ಹೆಣ್ಣುಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ೧೮೯೦ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ತರುಣಿ ಸೀನಿಯರ್ ರ‍್ಯಾಂಗ್ಲರನಿಗಿಂತಲೂ ಹೆಚ್ಚು ಅಂಕ ಪಡೆದಳು. ಆದರೂ ಆಕೆಗೆ ಪದವಿ ಸಿಗಲಿಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು ೧೯೪೮ರಲ್ಲಿ. ಪರೀಕ್ಷೆಯಲ್ಲಿ ಗೆಲ್ಲುವುದೇ ಬೇರೆ, ಪದವಿಯ ನಿಯಮವನ್ನು ದಾಟುವುದೇ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅಂಕಗಳ ಕ್ರಮದಲ್ಲಿ ಹೆಸರುಗಳನ್ನು ಸಾರುವ ಪದ್ಧತಿ ಕೇಂಬ್ರಿಜ್‌ನಲ್ಲಿ ೧೯೦೯ಕ್ಕೆ ಕೊನೆಗೊಂಡಿತು. ಕುದುರೆಗಳಂತೆ ಹುಡುಗರನ್ನು ಓಡಿಸುವುದರಿಂದ ಗಣಿತ ಬೆಳೆಯುವುದಿಲ್ಲವೆಂದು ವಾದಿಸಿದವರಲ್ಲಿ ಜಿ.ಎಚ್. ಹಾರ್ಡಿ ಮುಖ್ಯರು, ಅವರೂ ೧೮೯೮ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್ ಆಗಿದ್ದವರೇ. ಈ ಹಾರ್ಡಿಯವರಿಗೆ ೧೯೧೩ರ ಆರಂಭದಲ್ಲಿ ಮದರಾಸಿನ ಒಬ್ಬ ಗುಮಾಸ್ತರಿಂದ ಕಾಗದ ಬಂತು.

ಶ್ರೀನಿವಾಸ ರಾಮಾನುಜನ್ನರ ಕಥೆ ವಾಚಕರಿಗೆ ತಿಳಿಯದ್ದೇನಲ್ಲ. ಇಲ್ಲಿ ಅದರಿಂದ ಬೇಕಾದದ್ದು ಒಂದೇ ಅಂಶ. ಗಣಿತವೊಂದನ್ನು ಬಿಟ್ಟು ಮಿಕ್ಕ ವಿಷಯಗಳನ್ನು ಓದಲಾರದೆ ಅವರು ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ; ವಿದ್ಯಾರ್ಥಿವೇತನವೂ ಹೋಯಿತು. ಪದವಿಯಿಲ್ಲದ ಆ ತರುಣರಿಗೆ ೧೯೧೩ರಲ್ಲಿ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ ೭೫ ರೂಪಾಯಿಯ ಸಂಶೋಧನ ವೇತನ ಕೊಟ್ಟಿತು. ೧೯೧೬ರ ಮಾರ್ಚಿನಲ್ಲಿ ಕೇಂಬ್ರಿಜ್ ಅವರಿಗೆ ಪರೀಕ್ಷೆಯಿಂದಲ್ಲ, ಸಂಶೋಧನೆಯ ಬಲದಿಂದ ಬಿ.ಎ. ಪದವಿಯನ್ನು ಕೊಟ್ಟಿತು. ನಿಯಮವೆಂಬುದು ಕಲ್ಲಿನ ಗೋಡೆಯಲ್ಲ, ಬೇಕೆಂದರೆ ಅದರಲ್ಲಿ ಬಾಗಿಲಿಡಬಹುದು ಎಂಬುದನ್ನು ಈ ಎರಡು ವಿದ್ಯಾಸಂಸ್ಥೆಗಳು ಹೀಗೆ ತೋರಿಸಿಕೊಟ್ಟವು.

ಇಂಥ ಬಾಗಿಲು ನಮ್ಮ ಜಿಲ್ಲೆಯವರೊಬ್ಬರಿಗೂ ತೆರೆಯಿತು, ಆದರೆ ಬಹಳ ತಡವಾಗಿ. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೇ ದಾಟಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ೧೯೬೧ರಲ್ಲಿ ಅವರಿಗೆ ಗೌರವ ಡಿ.ಲಿಟ್. ನೀಡಿತು, ಆಗ ಅವರಿಗೆ ಎಪ್ಪತ್ತು ದಾಟಿತ್ತು. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇನ್ನೊಂದು ದಾರಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ೧೯೧೪ರಲ್ಲಿ ಮದರಾಸಿನಲ್ಲಿ ಎಂ.ಎ. ಆದರು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಾದರೋ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, ೧೮೮೧ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ್ದರು. ಆಗ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಪಾಠ ಬೆಂಗಳೂರಿನಲ್ಲಿ, ಪರೀಕ್ಷೆಯ ಕಟ್ಟಳೆ ಮದರಾಸಿನಿಂದ.

ಆ ಸ್ಥಿತಿ ಬದಲಾದದ್ದು ೧೯೧೬ರ ಜುಲೈ ೨೭ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆಗಳಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಎಚ್.ವಿ. ನಂಜುಂಡಯ್ಯನವರು ಮೊದಲನೆಯ ಕುಲಪತಿಗಳು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇವೆರಡೇ ಅದರ ಎರಡು ಕಣ್ಣುಗಳು. ವಿಜ್ಞಾನ ಬೆಂಗಳೂರಿನ ಪಾಲಿಗೆ ಬಂತು. ಮೊದಮೊದಲು ಒಂದು ಪ್ರವೇಶ ಪರೀಕ್ಷೆಯಾದ ಮೇಲೆ ಮೂರು ವರ್ಷದ ಪದವಿ ಎಂದಿದ್ದುದು, ಆಮೇಲೆ ಎರಡು ವರ್ಷದ ಇಂಟರ್‌ಮೀಡಿಯೇಟ್, ಅದರ ಮೇಲೆ ಎರಡು ವರ್ಷದ ಪಾಸ್ ಪದವಿ ಅಥವಾ ಮೂರು ವರ್ಷದ ಆನರ್ಸ್ ಎಂದಾಯಿತು. ಪಾಸ್ ಆದವರಿಗೆ ಸ್ನಾತಕೋತ್ತರ ಪದವಿಗೆ ಮತ್ತೆ ಎರಡು ವರ್ಷ. ಆನರ್ಸ್ ಆದವರಿಗೆ ಒಂದೇ ವರ್ಷ. ಕವಿ ಎ.ಕೆ. ರಾಮಾನುಜನ್ನರು ಮಹಾರಾಜಾ ಕಾಲೇಜಿನಲ್ಲಿ ಆನರ್ಸ್ ಮುಗಿಸಿದ್ದು ೧೯೪೯ರಲ್ಲಿ, ಎಂ.ಎ. ಆದದ್ದು ಮರುವರ್ಷ ೧೯೫೦ರಲ್ಲಿ.

ಇಲ್ಲಿ ಒಂದು ಸಣ್ಣ ಕೂಡುವ ಲೆಕ್ಕ ಮಾಡಬೇಕು. ಎರಡಕ್ಕೆ ಎರಡು ಕೂಡಿದರೂ ನಾಲ್ಕು, ಮೂರಕ್ಕೆ ಒಂದು ಕೂಡಿದರೂ ನಾಲ್ಕು. ಎಂ.ಎಸ್ಸಿ.ಯವರೆಗೆ ಓದುವವನಿಗೆ ಯಾವ ದಾರಿಯಲ್ಲಿ ಹೋದರೂ ಒಂದೇ ದೂರ. ಹಾಗಿದ್ದರೆ ಎರಡು ದಾರಿಗಳಿಗೂ ವ್ಯತ್ಯಾಸವೇನು? ಒಂದು ದಾರಿಯಲ್ಲಿ ನಡುವೆ ಇಳಿಯುವುದಕ್ಕೆ ನಿಲ್ದಾಣವಿದೆ. ಇನ್ನೊಂದರಲ್ಲಿ ಮೂರನೆಯ ವರ್ಷದ ತನಕ ನಿಲ್ದಾಣವಿಲ್ಲ. ಉಳ್ಳವರ ಮನೆಯ ಹುಡುಗನಿಗೆ ಇದು ಗಮನಕ್ಕೂ ಬಾರದ ಮಾತು. ಮಳೆಗೆ ಕಾದು ಕುಳಿತ ಮನೆಯವನಿಗೆ ಇದೇ ಮೊದಲನೆಯ ಮಾತು. ನಿಯಮದ ಪುಸ್ತಕದಲ್ಲಿ ಆನರ್ಸಿಗೆ ಬೇಕಾದ ಅರ್ಹತೆಯೆಂದರೆ ಅಂಕಗಳು. ನಮ್ಮ ತಾತನ ಪಡಸಾಲೆಯಲ್ಲಿ ಅದಕ್ಕೆ ಬೇಕಾಗಿದ್ದ ಅರ್ಹತೆಯೆಂದರೆ ಒಂದು ವರ್ಷ ಕಾಯುವ ಶಕ್ತಿ. ಅಕ್ಷರ ಬಾರದ ತಾತ ಕೇಳಿದ ಎರಡನೆಯ ಪ್ರಶ್ನೆ ನೇರವಾಗಿ ಆ ಮರ್ಮಕ್ಕೇ ಮುಟ್ಟಿತ್ತು.

ಆ ಒಂದು ವರ್ಷದಲ್ಲಿ ಹೆಚ್ಚಿಗೆ ಸಿಗುತ್ತಿದ್ದುದಾದರೂ ಏನು ಎಂದು ವಾಚಕರು ಕೇಳಬಹುದು. ಪಾಸ್ ತರಗತಿಯಲ್ಲಿ ಗಣಿತ ಮೂರು ವಿಷಯಗಳಲ್ಲಿ ಒಂದು. ಆನರ್ಸಿನಲ್ಲಿ ಅದೇ ಮನೆಯ ಯಜಮಾನ. ಆದರೆ ನಿಜವಾದ ಅಂತರ ಪಾಠದ ಉದ್ದದಲ್ಲಲ್ಲ, ಪ್ರಶ್ನೆಯ ಜಾತಿಯಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಒಂದು, ಅದಕ್ಕೆ ಅರ್ಧ, ಅದಕ್ಕೆ ಕಾಲು, ಅದಕ್ಕೆ ಅರೆಕಾಲು ಎಂದು ಕೂಡುತ್ತ ಹೋಗಿ. ಎಷ್ಟು ಕೂಡಿದರೂ ಮೊತ್ತ ಎರಡನ್ನು ದಾಟುವುದಿಲ್ಲ. ಈಗ ಇನ್ನೊಂದನ್ನು ತೆಗೆದುಕೊಳ್ಳಿ: ಒಂದು, ಅದಕ್ಕೆ ಎರಡರಲ್ಲೊಂದು ಪಾಲು, ಮೂರರಲ್ಲೊಂದು ಪಾಲು, ನಾಲ್ಕರಲ್ಲೊಂದು ಪಾಲು. ಇದೂ ಹಾಗೆಯೇ ಎಲ್ಲಿಯಾದರೂ ನಿಲ್ಲಬೇಕಲ್ಲವೆ? ಕೂಡಿ ನೋಡಿದರೆ ಬಹಳ ನಿಧಾನ. ಮೊತ್ತ ಹತ್ತನ್ನು ದಾಟಬೇಕಾದರೆ ೧೨,೩೬೭ ಪದಗಳು ಬೇಕು. ಕೂಡುತ್ತ ಕೂಡುತ್ತ ಬೇಸತ್ತವನು, ಇದು ನಿಂತೇ ನಿಲ್ಲುತ್ತದೆ ಎಂದುಬಿಡುತ್ತಾನೆ. ಆದರೆ ಅದು ನಿಲ್ಲುವುದಿಲ್ಲ. ಮೂರರ ಪಾಲು, ನಾಲ್ಕರ ಪಾಲು ಸೇರಿದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ನಾಲ್ಕು ಸೇರಿದರೆ ಮತ್ತೆ ಅರ್ಧಕ್ಕಿಂತ ಹೆಚ್ಚು. ಅದರ ಮುಂದಿನ ಎಂಟು ಸೇರಿದರೂ ಹಾಗೆಯೇ. ಹೀಗೆ ಅರ್ಧ ಅರ್ಧಗಳು ಕೊನೆಯಿಲ್ಲದೆ ಸಿಗುತ್ತಲೇ ಹೋಗುವಾಗ, ಮೊತ್ತ ನೀವು ಹೇಳಿದ ಯಾವ ಸಂಖ್ಯೆಯನ್ನಾದರೂ ದಾಟಲೇಬೇಕು. ಫ್ರಾನ್ಸಿನ ಒರೆಮ್ ಎಂಬ ಪಂಡಿತ ಹದಿನಾಲ್ಕನೆಯ ಶತಮಾನದಲ್ಲೇ ಕಂಡುಕೊಂಡಿದ್ದ ಯುಕ್ತಿ ಇದು.

ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಗಾದೆ. ಯಾವ ಹನಿಗಳು ಕೂಡಿದರೆ ಹಳ್ಳವಾಗುತ್ತದೆ, ಯಾವುವು ಕೂಡಿದರೂ ಚೊಂಬು ತುಂಬುವುದಿಲ್ಲ ಎಂದು ಕೇಳಿ, ಅದಕ್ಕೆ ಕಾರಣ ಕೊಡುವುದು ಆನರ್ಸಿನ ಕೆಲಸ. ಪಾಸ್ ತರಗತಿ ಕೂಡುವುದನ್ನು ಕಲಿಸುತ್ತಿತ್ತು. ಆನರ್ಸ್ ತರಗತಿ, ಕೂಡಬಹುದೇ ಎಂದು ಮೊದಲು ಕೇಳುವುದನ್ನು ಕಲಿಸುತ್ತಿತ್ತು. ಸ್ಥೂಲವಾದ ಮಾತಾಯಿತು ನಿಜ. ಒಳ್ಳೆಯ ಅಧ್ಯಾಪಕರು ಎಲ್ಲ ತರಗತಿಯಲ್ಲೂ ಎರಡನ್ನೂ ಕಲಿಸಿದ್ದಾರೆ. ಆದರೂ ಬಿಡುವಿದ್ದ ಕಡೆ ಆ ಪ್ರಶ್ನೆ ಕೇಳುವುದು ಸುಲಭ, ಅವಸರವಿದ್ದ ಕಡೆ ಕಷ್ಟ.

ಕಲಿಸುವವರೂ ಅಂಥವರೇ ಇದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್. ಮಾಧವರಾಯರಿದ್ದರು, ಜರ್ಮನಿಯ ಮ್ಯಾಕ್ಸ್ ಬಾರ್ನ್ ೧೯೩೫-೩೬ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಿದ್ದ ಕಾಲದಲ್ಲಿ ಆ ಮಹನೀಯರ ಸಿದ್ಧಾಂತವನ್ನೇ ಹಿಡಿದು ಪ್ರಬಂಧಗಳನ್ನು ಬರೆದವರು. ಮೈಸೂರಿನಲ್ಲಿ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ಯರಿದ್ದರು. ಅವರು ಮದರಾಸಿನ ಪಚ್ಚಯಪ್ಪ ಕಾಲೇಜಿನಿಂದ ಗಣಿತದ ಎಂ.ಎ. ಮುಗಿಸಿದಾಗ ವಯಸ್ಸು ಹದಿನೆಂಟು. ಬೇಗ ಓದುವುದು ಎಂದರೆ ಇದು! ೧೯೧೮ರಿಂದ ೧೯೪೭ರವರೆಗೆ ಮೈಸೂರಿನಲ್ಲಿ ಪಾಠ ಹೇಳಿದರು. ಭಾಸ್ಕರಾಚಾರ್ಯರು ೧೧೫೦ರ ಸುಮಾರಿನಲ್ಲಿ ವಿವರಿಸಿದ ಚಕ್ರವಾಲ ಎಂಬ ಕ್ರಮವಿದೆ. ಒಂದು ಸಂಖ್ಯೆಯ ವರ್ಗವನ್ನು ೬೧ರಿಂದ ಗುಣಿಸಿ, ಒಂದು ಕೂಡಿದರೆ ಮತ್ತೊಂದು ಪೂರ್ಣ ವರ್ಗ ಬರಬೇಕು. ಆ ಸಂಖ್ಯೆ ಯಾವುದು? ಅತಿ ಚಿಕ್ಕ ಉತ್ತರವೇ ೨೨,೬೧,೫೩,೯೮೦. ಚಕ್ರವಾಲದಿಂದ ಇದನ್ನು ಕೆಲವೇ ಹೆಜ್ಜೆಗಳಲ್ಲಿ ಪಡೆಯಬಹುದು. ಅದು ಯಾವಾಗಲೂ ಉತ್ತರಕ್ಕೆ ಮುಟ್ಟಿಸಿಯೇ ತೀರುತ್ತದೆಂಬುದಕ್ಕೆ ಸಾಧನೆ ಕೊಟ್ಟವರು ಈ ಅಯ್ಯಂಗಾರ್ಯರು. ಮೇಲೆ ಹೇಳಿದ ಕವಿ ಎ.ಕೆ. ರಾಮಾನುಜನ್ ಇವರ ಮಗನೇ. ಮಗ ಮೊದಲು ವಿಜ್ಞಾನಕ್ಕೆ ಸೇರಿದ್ದಾಗ, ನಿನಗೆ ಗಣಿತದ ಮನಸ್ಸಿಲ್ಲವೆಂದು ಕಂಡುಕೊಂಡು ಇಂಗ್ಲಿಷಿಗೆ ಕಳಿಸಿದವರೂ ಇವರೇ. ಯಾರಿಗೆ ಯಾವ ಆನರ್ಸ್ ಎಂದು ತಿಳಿದು ಹೇಳುವ ತಂದೆ ಮನೆಯಲ್ಲೇ ಇರುವುದು ಎಷ್ಟು ದೊಡ್ಡ ಭಾಗ್ಯ!

ಆ ಭಾಗ್ಯವಿಲ್ಲದೆಯೂ ಗೆದ್ದವರು ಅಂದಿನ ನಮ್ಮ ಜಿಲ್ಲೆಯಲ್ಲಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ೧೯೩೦ರ ದಶಕದಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಹೈಸ್ಕೂಲು ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಹಿಡಿದರು. ೧೯೪೨ರ ಚಳವಳಿಯಲ್ಲಿ ಓದನ್ನು ಬಿಟ್ಟು ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಬಂದು ಆನರ್ಸನ್ನೂ ಎಂ.ಎಸ್ಸಿ.ಯನ್ನೂ ಮುಗಿಸಿದರು. ೧೯೭೨ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾದರು. ಇಂಥವರನ್ನು ತೋರಿಸಿ, “ಮನಸ್ಸಿದ್ದರೆ ಮಾರ್ಗವಿಲ್ಲವೆ?” ಎಂದು ಕೇಳುವವರಿದ್ದಾರೆ. ನಾನೂ ತರಗತಿಯಲ್ಲಿ ಕೇಳಿದ್ದುಂಟು. ಆದರೆ ಐವತ್ತು ಮೈಲಿ ನಡೆಯಬಲ್ಲವನಿಗೇ ವಿದ್ಯೆ ಎಂದು ನಿಯಮ ಮಾಡಲಾಗುವುದಿಲ್ಲವಲ್ಲ! ನಡೆಯಲಾರದೆ ಅರ್ಧ ದಾರಿಗೆ ನಿಂತವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

ನಮ್ಮ ತಂದೆಯವರು ಅವರಲ್ಲೊಬ್ಬರು. ಎರಡು ವರ್ಷದ ಪಾಸ್ ಮುಗಿಸಿದರು. ಆಮೇಲೆ ಎರಡು ವರ್ಷ ಎಂ.ಎಸ್ಸಿ. ಓದಿದ್ದರೆ ಆನರ್ಸಿನ ಗೆಳೆಯರ ಸಮಕ್ಕೇ ಬರಬಹುದಾಗಿತ್ತು. ಆದರೆ ಪದವಿ ಕೈಗೆ ಬಂದ ವರ್ಷವೇ ಮೇಷ್ಟರ ಕೆಲಸ ಸಿಕ್ಕಿತು. ತಂಗಿಯ ಮದುವೆ ಬಂತು. ಕೆರೆ ಎರಡು ವರ್ಷ ತುಂಬಲಿಲ್ಲ. ನಡುವಿನ ನಿಲ್ದಾಣದಲ್ಲಿ ಇಳಿದವರು ಮತ್ತೆ ರೈಲು ಹತ್ತಲಿಲ್ಲ. ಅವರು ದುಃಖಪಟ್ಟುಕೊಂಡಿದ್ದನ್ನು ನಾನು ಕಂಡಿಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿ ಒಂದು ದಪ್ಪ ನೋಟುಪುಸ್ತಕವಿತ್ತು. ಆನರ್ಸ್ ಓದುತ್ತಿದ್ದ ಗೆಳೆಯರೊಬ್ಬರಿಂದ ರಜೆಯಲ್ಲಿ ಎರವಲು ತಂದು, ಅವರ ಟಿಪ್ಪಣಿಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿಕೊಂಡಿದ್ದರು. ಮೇಲೆ ನಾನು ಹೇಳಿದ ಕೊನೆಯಿಲ್ಲದ ಮೊತ್ತವನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಪುಸ್ತಕದಲ್ಲಿ.

ಕಾಲ ಕಳೆಯಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯ ಆಸುಪಾಸಿನ ವರ್ಷಗಳಲ್ಲಿ ಇಂಟರ್‌ಮೀಡಿಯೇಟ್ ಹೋಗಿ ಪಿ.ಯು.ಸಿ. ಬಂತು, ಎಲ್ಲರಿಗೂ ಮೂರು ವರ್ಷದ ಪದವಿ ಎಂದಾಯಿತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿ, ಕೋಲಾರದ ಕಾಲೇಜುಗಳು ಮುಂದೆ ಅದರ ಆಡಳಿತಕ್ಕೆ ಬಂದವು. ಆನರ್ಸ್ ಎಂಬ ಮಾತು ನಮ್ಮ ಕಡೆ ಬಹುಮಟ್ಟಿಗೆ ಹಳಬರ ಹೆಸರಿನ ಮುಂದೆ ಆವರಣ ಚಿಹ್ನೆಯೊಳಗೆ ಉಳಿದ ಒಂದು ಮಾತಾಯಿತು. ೨೦೧೭ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ಕಚೇರಿ ತೆರೆಯಿತು. ಮದರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಕೋಲಾರಕ್ಕೆ ಎಂದು ಕಟ್ಟಳೆಯ ಪುಸ್ತಕ ನೂರು ವರ್ಷಗಳಲ್ಲಿ ನಮ್ಮ ಮನೆಬಾಗಿಲಿಗೆ ಬಂದಿತು.

ಅಷ್ಟರಲ್ಲಿ ಆನರ್ಸ್ ಮರಳಿ ಬಂತು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ೨೦೨೧-೨೨ರಿಂದ ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಆರಂಭವಾಯಿತು. ಮೂರನೆಯ ವರ್ಷಕ್ಕೆ ನಿಲ್ಲಿಸಿದರೂ ಪದವಿಯುಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ ೧೨೦ ಕ್ರೆಡಿಟ್, ನಾಲ್ಕು ವರ್ಷಕ್ಕೆ ೧೬೦. ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ ೭೫ ಅಂಕ ಪಡೆದವರಿಗೆ ನಾಲ್ಕನೆಯ ವರ್ಷ ಸಂಶೋಧನೆಯೊಡನೆ ಆನರ್ಸ್. ಆದರೆ ೨೦೨೪ರಲ್ಲಿ ರಾಜ್ಯ ಸರ್ಕಾರ ಈ ಏರ್ಪಾಡನ್ನು ಕೈಬಿಟ್ಟು, ಆ ವರ್ಷ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ನಡುವಿನ ಮೂರು ವರ್ಷಗಳಲ್ಲಿ ಸೇರಿದ್ದವರಿಗೆ ಮಾತ್ರ ನಾಲ್ಕನೆಯ ವರ್ಷದ ಅವಕಾಶ ಉಳಿಯಿತು. ಜಗಲಿಯ ಮೇಲೆ ಕುಳಿತ ಹುಡುಗಿ ೨೦೨೧ರಲ್ಲಿ ಸೇರಿದವಳು.

ಅದೇ ವರ್ಷದ ಕೊನೆಗೆ ಆಯೋಗ ಇನ್ನೊಂದು ವಿಧಾನಕ್ಕೂ ಒಪ್ಪಿಗೆ ಕೊಟ್ಟಿತು. ಚುರುಕಾದವರು ಮೂರು ವರ್ಷದ ಪದವಿಯನ್ನು ಐದೇ ಸೆಮಿಸ್ಟರುಗಳಲ್ಲಿ, ನಾಲ್ಕು ವರ್ಷದ್ದನ್ನು ಆರು ಅಥವಾ ಏಳರಲ್ಲಿ ಮುಗಿಸಬಹುದು. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರಿನ ಕೊನೆಗೆ ಒಂದು ಸಮಿತಿ ಅಂಥವರನ್ನು ಆರಿಸಬೇಕು. ಒಟ್ಟು ಸ್ಥಾನಗಳಲ್ಲಿ ನೂರಕ್ಕೆ ಹತ್ತರವರೆಗೆ ಅವರಿಗೆ ಮೀಸಲಿಡಬಹುದು. ಓದಬೇಕಾದ ಪಾಠ ಅಷ್ಟೇ, ಅವಧಿ ಮಾತ್ರ ಕಡಮೆ. ಹದಿನೆಂಟಕ್ಕೆ ಎಂ.ಎ. ಆದ ಕೃಷ್ಣಸ್ವಾಮಿ ಅಯ್ಯಂಗಾರ್ಯರಂಥವರಿಗೆ ಇದು ಒಪ್ಪುವ ಏರ್ಪಾಡು. ಆದರೆ ಅವಸರದಲ್ಲಿ ಎರಡು ಬಗೆಯುಂಟು: ಒಂದು ಬುದ್ಧಿಯ ಅವಸರ, ಇನ್ನೊಂದು ಮನೆಯ ಅವಸರ. ಮನೆಯ ಅವಸರದಿಂದ ಆರು ತಿಂಗಳು ಉಳಿಸಲು ಹೊರಟವನು, ಕೂಡಬಹುದೇ ಎಂದು ಕೇಳುವ ಆ ಬಿಡುವನ್ನೇ ಕಳೆದುಕೊಂಡಾನು. ಸಮಿತಿಗಳು ಆರಿಸುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು.

ಅಂದು ಸಂಜೆ ನಾನು ಆ ಹುಡುಗಿಗೆ ಲೆಕ್ಕವನ್ನೇ ಹಾಕಿ ತೋರಿಸಿದೆ. ನಾಲ್ಕು ವರ್ಷದ ಆನರ್ಸ್ ಆದವರಿಗೆ ಎಂ.ಎಸ್ಸಿ. ಒಂದು ವರ್ಷ, ಮೂರು ವರ್ಷದವರಿಗೆ ಎರಡು. ನಾಲ್ಕಕ್ಕೆ ಒಂದು ಕೂಡಿದರೂ ಐದು, ಮೂರಕ್ಕೆ ಎರಡು ಕೂಡಿದರೂ ಐದು. ಎಂಬತ್ತು ವರ್ಷಗಳಲ್ಲಿ ಅಂಕೆಗಳು ಒಂದೊಂದು ಮೆಟ್ಟಿಲು ಏರಿವೆ, ಸಮೀಕರಣ ಅದೇ. ಅವಳು ಓದುತ್ತಿದ್ದ ಕಾಲೇಜಿನಲ್ಲಿ ನಾಲ್ಕನೆಯ ವರ್ಷ ನಡೆಸುವ ಅನುಕೂಲವಿರಲಿಲ್ಲ. ಹೇಗೂ ಬೇರೆ ಕಡೆಗೆ ಹೋಗಲೇಬೇಕು. “ಹಾಗಾದರೆ ಪದವಿ ತೆಗೆದುಕೊಂಡು ಎಂ.ಎಸ್ಸಿ.ಗೇ ಹೋಗಮ್ಮ, ವರ್ಷ ಒಂದೇ. ಆದರೆ ನಿಲ್ದಾಣದಲ್ಲಿ ಇಳಿದುಬಿಡಬೇಡ” ಎಂದೆ. ತಂದೆಯವರ ಕಥೆಯನ್ನೂ ಹೇಳಿದೆ.

ಅವಳು ಯೋಚಿಸಿ, “ಹಾಸ್ಟೆಲು ಸಿಕ್ಕಿದರೆ ಹೋಗ್ತೀನಿ ಸಾರ್” ಎಂದಳು. ನಿಯಮದ ಯಾವ ಪುಸ್ತಕದಲ್ಲೂ ಬರೆದಿಲ್ಲದ ಅರ್ಹತೆ ಅದೇ. ಆನರ್ಸಿಗೆ ಎಷ್ಟು ಅಂಕ, ಎಷ್ಟು ಕ್ರೆಡಿಟ್, ಎಷ್ಟು ಸೆಮಿಸ್ಟರ್ ಎಂದು ದೊಡ್ಡವರು ಚರ್ಚಿಸಲಿ, ಬೇಡವೆನ್ನುವುದಿಲ್ಲ. ಆದರೆ ಒಂದು ವರ್ಷ ಹೆಚ್ಚಿಗೆ ಓದು ಎಂದು ಹೇಳುವವರು, ಆ ಒಂದು ವರ್ಷದ ಊಟಕ್ಕೂ ಒಂದು ಮಂಚಕ್ಕೂ ದಾರಿ ತೋರಿಸದಿದ್ದರೆ ಆ ನಿಯಮ ಉಳ್ಳವರಿಗಾಗಿ ಬರೆದ ನಿಯಮವಾಗಿಯೇ ಉಳಿಯುತ್ತದೆ. ಒಂದು ತಾಲ್ಲೂಕಿನಲ್ಲಿ ಗಣಿತದ ಮನಸ್ಸಿರುವ ಮಕ್ಕಳು ವರ್ಷಕ್ಕೆ ನಾಲ್ಕೋ ಐದೋ ಸಿಕ್ಕಾರು. ಅವರನ್ನು ಸಾಕುವುದು ಒಂದು ಸರ್ಕಾರಕ್ಕೆ ದೊಡ್ಡ ಲೆಕ್ಕವೆ?

ಹಾಸ್ಟೆಲು ಸಿಕ್ಕಿತು. ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಹೇಳಿ ಹೋಗಲು ಬಂದಳು. ತಂದೆಯವರ ನೋಟುಪುಸ್ತಕವನ್ನು ಅವಳ ಕೈಗಿತ್ತು, ಓದಿ ಹಿಂದಕ್ಕೆ ಕೊಡು ಎಂದೆ. ತಿಂಗಳೊಂದು ಕಳೆದ ಮೇಲೆ ಫೋನು ಬಂತು. “ಸಾರ್, ನಿಮ್ಮ ತಂದೆಯವರು ನಲವತ್ತನೆಯ ಪುಟದಲ್ಲಿ ಒಂದು ತಪ್ಪು ಮಾಡಿದ್ದಾರೆ. ಒಂದು ಮೆಟ್ಟಿಲು ಬಿಟ್ಟುಹೋಗಿದೆ.”

ಆ ಪುಟವನ್ನು ನಾನು ಹತ್ತು ಸಲವಾದರೂ ಓದಿದ್ದೆ, ತಪ್ಪು ಕಂಡಿರಲಿಲ್ಲ. ಓದಿ ಹೇಳಮ್ಮ ಎಂದು ಕಾಗದ ಪೆನ್ಸಿಲು ಹಿಡಿದು ಕುಳಿತೆ. ಅವಳು ಹೇಳಿದ್ದು ಸರಿಯಾಗಿತ್ತು.